ಉದ್ದ ಪದಗಳ ಲೆಜಾಮಾ

ನಮ್ಮ ದ್ವೀಪದ ಅರಿಮಾ ಊರಿನಲ್ಲಿ ನಮ್ಮ ಮನೆಯಿಂದ ಮೂರನೆಯ ಗೇಟು ಇಗ್ನೇಷಿಯಸ್ ಲೆಜಾಮಾನದು. ಗೇಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವನು ಮೂವತ್ತೆಂಟು ವರ್ಷಗಳಿಂದ ಟ್ಯಾಕ್ಸಿ ವ್ಯಾನುಗಳ ಸೀಟು ಹೊಲಿಯುತ್ತಿದ್ದಾನೆ. ಸುತ್ತಲೂ ರೆಕ್ಸಿನ್ ಸುರುಳಿ, ಫೋಮಿನ ಹಾಳೆ, ಅಂಟಿನ ಡಬ್ಬಿ. ಅವನು ತೆಗೆದ ಅಳತೆ ಕಾಲು ಅಂಗುಲ ಕೂಡ ಆಚೀಚೆ ಆಗುವುದಿಲ್ಲ. ವರ್ಷದ ಮುನ್ನೂರ ಅರವತ್ತಮೂರು ದಿನ ಜನ ಅವನನ್ನು ಸೀಟಿನ ಲೆಜಾಮಾ ಎನ್ನುತ್ತಾರೆ. ಉಳಿದ ಎರಡು ದಿನ, ಕಾರ್ನಿವಲ್ ಎಂಬ ವೇಷಗಳ ಬೀದಿಹಬ್ಬದ ಸೋಮವಾರ ಮತ್ತು ಮಂಗಳವಾರ, ಅವನು ಪಿಯರೋ.

ಪಿಯರೋ ಎಂದರೆ ಚಿಂದಿ ತೊಟ್ಟ ವಿದ್ವಾಂಸನ ವೇಷ. ಗೋಣಿಚೀಲದ ಅಂಗಿ, ಅದರ ಮೇಲೆ ಹೊಲಿದ ನೂರಾರು ಬಣ್ಣದ ಪಟ್ಟಿಗಳು, ಮುಖಕ್ಕೆ ಮುಖವಾಡ, ತಲೆಗೆ ಜಜ್ಜಿದ ಟೋಪಿ, ಕೈಯಲ್ಲಿ ಚಾವಟಿ. ಲೆಜಾಮಾನ ಅಂಗಿಯ ಪಟ್ಟಿಗಳೆಲ್ಲ ಅವನ ಶೆಡ್ಡಿನ ಕತ್ತರಿಸಿದ ಚೂರುಗಳೇ. ನೋಡುವ ಕಣ್ಣಿದ್ದವರು ಇದು ಇಂಥವರ ವ್ಯಾನಿನ ಸೀಟು ಎಂದು ಗುರುತು ಹಿಡಿಯಬಹುದು. ಪಿಯರೋ ಬೀದಿಯಲ್ಲಿ ನಿಂತು, ತನ್ನಷ್ಟು ಓದಿದವನು ಈ ದ್ವೀಪದಲ್ಲೇ ಇಲ್ಲ ಎಂದು ಜಂಬ ಕೊಚ್ಚುತ್ತಾನೆ. ಗುಂಪು ಅವನಿಗೊಂದು ಉದ್ದದ ಇಂಗ್ಲಿಷ್ ಪದ ಎಸೆಯುತ್ತದೆ. ಅವನು ಅದನ್ನು ಉಸಿರು ಉಸಿರಾಗಿ ಒಡೆದು, ಒಂದೊಂದು ಚೂರಿಗೆ ಒಂದೊಂದು ಕತೆ ಕಟ್ಟಿ, ಕೊನೆಗೆ ಚೂರುಗಳನ್ನೆಲ್ಲ ಜೋಡಿಸಿ ಪದವನ್ನು ವಾಪಸು ಕೊಡಬೇಕು. ಆಗದಿದ್ದರೆ ಟೋಪಿ ತೆಗೆದು ದಾರಿ ಬಿಡಬೇಕು.

ಎರಡು ವರ್ಷದ ಹಿಂದೆ ನಮ್ಮ ಬೀದಿಯಲ್ಲಿ ಯಾರೋ ‘ಎಲೆಕ್ಟ್ರಿಸಿಟಿ’ ಎಂದು ಕೂಗಿದರು. ಅವನು ಎದೆ ಬಡಿದುಕೊಂಡು ಶುರು ಮಾಡಿದ.

“ಇ. ಇವಾನ್ ಮನೇಲಿ ಮೂರು ದಿನದಿಂದ ಕತ್ತಲೆ. ಲೆಕ್. ಲೆಕ್ಚರ್ ಕೊಡೋಕೆ ಆಫೀಸಿಂದ ಒಬ್ಬ ಬಂದ, ಬಲ್ಬ್ ತರಲಿಲ್ಲ. ಟ್ರಿ.” ಇಲ್ಲಿ ಬಲಗಾಲು ನೆಲಕ್ಕೆ ಅಪ್ಪಳಿಸಿತು. “ಟ್ರಿಪ್ ಆಯ್ತು ಅಂದ, ಯಾವ ಊರಿಗೆ ಅಂತ ಇವಾನ್ ಹೆಂಡ್ತಿ ಕೇಳಿದ್ಳು. ಸಿ. ಸಿಸಿಲ್ ಕಂಬ ಹತ್ತಿದ, ಪಕ್ಕದ ಮನೆ ಹೆಂಗಸು ನೋಡ್ತಾ ನಿಂತ್ಕೊಂಡ, ಇಳೀಲೇ ಇಲ್ಲ. ಟಿ. ಟೀವಿ ಹತ್ಕೊಂಡಿತು, ಅದರ ಹಿಂದೇನೇ ಪರದೇನೂ ಹತ್ಕೊಂಡಿತು.”

ಜನ ನಕ್ಕು ಸುಸ್ತಾದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಬಲಗಾಲು. ಅದೇ ಮಧ್ಯಾಹ್ನ ಇನ್ನೊಬ್ಬರು ‘ಎಲೆಕ್ಟ್ರಿಕ್’ ಎಂದಾಗ ಕಾಲು ಎರಡನೆಯ ಚೂರಿಗೇ ಬಿತ್ತು. ಬಾಲ ಬದಲಾದರೆ ಇಂಗ್ಲಿಷ್ ಪದದ ತೂಕ, ಅಂದರೆ ಒತ್ತಿ ಹೇಳುವ ಜಾಗ, ಒಂದು ಹೆಜ್ಜೆ ಸರಿಯುತ್ತದೆ ಎಂಬುದನ್ನು ಅವನ ಕಾಲು ತಿಳಿದಿತ್ತು. ಇಲ್ಲಿನ ಮಾಧ್ಯಮಿಕ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿರುವ ನನಗೆ ಅದು ಅಂದಿನವರೆಗೆ ಹೊಳೆದಿರಲಿಲ್ಲ.

ಪಿಯರೋಗಳಿಗೆ ಒಂದು ನಿಯಮವಿದೆ ಎಂದು ಲೆಜಾಮಾ ಹೇಳುತ್ತಿದ್ದ: ಪದವನ್ನು ಬಾಯಿಂದ ಮಾತ್ರ ತೆಗೆದುಕೊಳ್ಳಬೇಕು, ಕಾಗದದಿಂದ ತೆಗೆದುಕೊಳ್ಳಬಾರದು. ಅವನಿಗೆ ವಿದ್ಯೆ ಕಲಿಸಿದ ಸೋದರಮಾವ ಕೋಕೋ ಬೀಜ ಒಣಗಿಸುವ ಅಟ್ಟದ ಮೇಲೆ ಅವನನ್ನು ನಿಲ್ಲಿಸಿ, ಬೀಜವನ್ನು ಕಾಲಲ್ಲಿ ತುಳಿಸುತ್ತ, ಪದಗಳನ್ನು ತುಳಿಯುವುದನ್ನೂ ಕಲಿಸಿದ್ದನಂತೆ. ಆದ್ದರಿಂದ ಯಾರಾದರೂ ಫೋನು ಹಿಡಿದು ‘ಇದನ್ನ ಒಡೀರಿ’ ಎಂದರೆ ಲೆಜಾಮಾ ಮುಖ ತಿರುಗಿಸುತ್ತಿದ್ದ. ಹೊಸ ಪದ ಹುಡುಕಿ ಕೊಡುವುದು ಅವನ ಹೆಂಡತಿ ಎನಿಡ್‌ಳ ಕೆಲಸ. ಅವಳು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತಳಾದವಳು. ಪ್ರತಿ ಜನವರಿ ಸಂಜೆ ಪೇಪರು ಬಿಚ್ಚಿಕೊಂಡು ಕೂತು, ಉದ್ದ ಕಂಡ ಪದವನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಳು. ಅವನು ಜಗಲಿಯಲ್ಲಿ ಅಡ್ಡಾಡುತ್ತ ಹೆಜ್ಜೆ ಹಾಕುತ್ತಿದ್ದ.

ಎನಿಡ್‌ಳ ಕಣ್ಣಿಗೆ ಗ್ಲಾಕೋಮಾ. ಕಣ್ಣಿನೊಳಗಿನ ನೀರು ಸರಿಯಾಗಿ ಹೊರಗೆ ಹರಿಯದೆ ಒತ್ತಡ ಏರುತ್ತದೆ, ಒತ್ತಡ ನರವನ್ನು ಮೆಲ್ಲಗೆ ಕೊಲ್ಲುತ್ತದೆ. ಎಡಗಣ್ಣಿನಲ್ಲಿ ಹಗಲೋ ರಾತ್ರಿಯೋ ತಿಳಿಯುವಷ್ಟು ಮಾತ್ರ ಬೆಳಕು ಉಳಿದಿತ್ತು. ಬಲಗಣ್ಣಿನಲ್ಲಿ ಮನುಷ್ಯರ ಮುಖ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಕಳೆದ ಜನವರಿಯಲ್ಲಿ ಡಾಕ್ಟರು ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಲೇಬೇಕು ಎಂದರು. ಮಾರ್ಚ್ ಎರಡನೆಯ ವಾರಕ್ಕೆ ದಿನ ಕೊಟ್ಟರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ತಾರೀಕಿಗೆ ಒಂದು ವಾರ ಮೊದಲು ತಲುಪಿಸಬೇಕು. ತಪ್ಪಿದರೆ ಆ ದಿನ ಬೇರೆಯವರಿಗೆ ಹೋಗುತ್ತದೆ, ಮುಂದಿನ ಸರದಿ ಒಂಬತ್ತು ತಿಂಗಳಿಗೆ. ಈ ಒತ್ತಡದಲ್ಲಿ ಆ ಕಣ್ಣು ಒಂಬತ್ತು ತಿಂಗಳು ತಾಳುವುದಿಲ್ಲ ಎಂದೂ ಡಾಕ್ಟರು ಹೇಳಿದರು.

ಆ ದಿನ ಅವರನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದವನು ನಾನು. ನರ್ಸ್ ಬೂಧೂ ನಾಲ್ಕು ಪುಟದ ಪತ್ರ ತಂದು ಲೆಜಾಮಾನ ಕೈಗೆ ಹಿಡಿಸಿದಳು. ಎನಿಡ್‌ಳನ್ನು ಅವಳು ಕರೆಯುವುದು ಟಾಂಟಿ, ಚಿಕ್ಕಮ್ಮ ಎಂದಂತೆ.

“ಟಾಂಟಿ ಎನಿಡ್‌ಗೆ ನಾನೇ ಓದಿ ಹೇಳಬೇಕಿತ್ತು ಮಿಸ್ಟರ್ ಲೆಜಾಮಾ. ನೀವಿರೋವಾಗ ನಾನ್ಯಾಕೆ ಓದಲಿ? ನೀವು ಎಲೆಕ್ಟ್ರಿಸಿಟಿ ಒಡೆದಿದ್ದಕ್ಕೆ ನಮ್ಮತ್ತೆ ಇವತ್ತಿಗೂ ನಗ್ತಾರೆ.”

ಅವನು ಪತ್ರವನ್ನು ಬಿಸಿ ಪಾತ್ರೆಯಂತೆ ಅವಳಿಗೇ ವಾಪಸು ಕೊಟ್ಟ.

“ಪಿಯರೋ ಕಾಗದದಿಂದ ಪದ ತಗೊಳ್ಳಲ್ಲ, ತಾಯಿ. ಬಾಯಲ್ಲಿ ಹೇಳು, ಒಡೀತೀನಿ.”

“ಸರಿ, ಇದನ್ನ ಒಡೀರಿ ನೋಡೋಣ. ಟ್ರಬೆಕ್ಯುಲೆಕ್ಟಮಿ.”

ಎನಿಡ್‌ಳ ಶಸ್ತ್ರಚಿಕಿತ್ಸೆಯ ಆ ಹೆಸರನ್ನು ಅವನು ಜೀವಮಾನದಲ್ಲಿ ಕೇಳಿರಲಿಲ್ಲ. ಎದ್ದು ನಿಂತು ಎರಡು ಸಲ ತುಟಿಯಲ್ಲೇ ಹೇಳಿಕೊಂಡ. ಆಮೇಲೆ ಆರು ಚೂರು ಮಾಡಿ, ನಾಲ್ಕನೆಯದಕ್ಕೆ ಕಾಲು ಬಡಿದು, ಕಣ್ಣಿನ ಡಾಕ್ಟರೊಬ್ಬ ತನ್ನ ಕನ್ನಡಕವನ್ನೇ ಹುಡುಕುತ್ತಿದ್ದ ಕತೆ ಕಟ್ಟಿದ. ಕಾಯುತ್ತ ಕೂತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಎನಿಡ್ ಮಾತ್ರ ಮಡಿಲ ಮೇಲೆ ಕೈ ಕಟ್ಟಿಕೊಂಡು ಕೂತಿದ್ದಳು.

“ತಮಾಷೆ ಸಾಕು. ಬನ್ನಿ ಟಾಂಟಿ, ನಾನೇ ಓದ್ತೀನಿ,” ಎಂದಳು ನರ್ಸ್.

“ಬೇಡ ಮಗಳೇ. ಮನೇಲಿ ಇವನು ಓದ್ತಾನೆ,” ಎಂದು ಎನಿಡ್ ಅವಳ ಕೈಯಿಂದ ಪತ್ರ ತೆಗೆದುಕೊಂಡು ಮಡಿಸಿ ಕೈಚೀಲಕ್ಕೆ ಹಾಕಿಕೊಂಡಳು.

ಮೂರು ದಿನ ಬಿಟ್ಟು, ಸಂಜೆ ನಾಲ್ಕರ ಹೊತ್ತಿಗೆ, ಲೆಜಾಮಾ ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದ. ಕೈಯಲ್ಲಿ ನನ್ನ ಕಾರಿನ ಸೀಟಿಗೆಂದು ಹೊಲಿದ ಒಂದು ದಿಂಬು. ಅದನ್ನು ನಾನು ಕೇಳಿರಲಿಲ್ಲ. ಕೂತ. ಕೋಕೋ ಟೀ ಕೊಟ್ಟೆ, ಕುಡಿದ. ಆಮೇಲೆ ಅಂಗಿಯೊಳಗಿಂದ ಆ ಪತ್ರ ತೆಗೆದು ಮೇಜಿನ ಮೇಲಿಟ್ಟ.

“ಅಕ್ಷರ ತುಂಬ ಸಣ್ಣದಿದೆ,” ಎಂದು ನನ್ನ ಕನ್ನಡಕ ಅವನತ್ತ ಸರಿಸಿದೆ.

“ಕನ್ನಡಕ ಬೇಡ ಮೇಷ್ಟ್ರೇ. ಕನ್ನಡಕ ಹಾಕಿದ್ರೆ ಬರೋದಲ್ಲ ಅದು.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವನಿಗೆ ಅಂಕಿ ಗೊತ್ತು. ಇಪ್ಪತ್ತಾರು ಅಕ್ಷರಗಳ ಹೆಸರೂ ಗೊತ್ತು. ಸಹಿ ಹಾಕಬಲ್ಲ, ಬಸ್ಸಿನ ಬೋರ್ಡು ಗುರುತಿಸಬಲ್ಲ. ಅದರಾಚೆ ಪುಟವೆಂಬುದು ಅವನಿಗೆ ಗೋಡೆ. ಶಾಲೆಗೆ ಹೋಗಿದ್ದು ಎರಡು ವರ್ಷ; ಮಾವ ಕಲಿಸಿದ್ದೆಲ್ಲ ಕಿವಿಗೆ ಮತ್ತು ಕಾಲಿಗೆ. ಬಾಯಿಂದಲೇ ಪದ ತೆಗೆದುಕೊಳ್ಳಬೇಕೆಂಬ ನಿಯಮದ ಹಿಂದೆ ಅವನು ನಲವತ್ತು ವರ್ಷ ಆರಾಮವಾಗಿ ನಿಂತಿದ್ದ. ತಿಳಿದಿದ್ದವಳು ಎನಿಡ್ ಒಬ್ಬಳೇ.

“ನರ್ಸ್ ಓದಿ ಹೇಳ್ತಾಳೆ, ಅಥವಾ ನಾನೇ ಬಂದು ಓದ್ತೀನಿ,” ಎಂದೆ.

“ನಾನೂ ಅದನ್ನೇ ಅಂದೆ. ಅವಳು ಏನಂದ್ಳು ಗೊತ್ತಾ? ‘ಆ ಹುಡುಗಿ ನಾಕು ಗಂಟೆಗೆ ಅವಳ ಮನೆಗೆ ಹೋಗ್ತಾಳೆ, ಮೇಷ್ಟ್ರು ಅವರ ಮನೆಗೆ ಹೋಗ್ತಾರೆ. ನನ್ನ ಕಣ್ಣಿನ ಜೊತೆ ಇರೋನು ನೀನು. ಅದರಲ್ಲಿ ಏನಿದೆ ಅಂತ ನೀನೇ ಓದಿ ನನಗೆ ಹೇಳೋ ತನಕ ಸಹಿ ಹಾಕಲ್ಲ.’ ನನಗೆ ಬರಲ್ವಲ್ಲೇ ಅಂದೆ. ‘ನಲವತ್ತು ವರ್ಷ ನಾನು ಓದಿದೆ, ನೀನು ಒಡೆದೆ. ಈಗ ನಾನು ಕೂತ್ಕೋತೀನಿ, ನೀನು ಓದು’ ಅಂದ್ಳು.”

“ಹಟ ಬಿಡೋದಿಲ್ವಾ?”

“ನಮ್ಮ ಎನಿಡ್? ಪೋಸ್ಟಾಫೀಸಲ್ಲಿ ವಿಳಾಸ ಸರಿ ಇಲ್ಲ ಅಂತ ದೊಡ್ಡ ಪಾದ್ರಿ ಕಾಗದಾನೇ ವಾಪಸ್ ಕಳಿಸಿದೋಳು.”

ಲೆಕ್ಕ ಹಾಕಿದೆ. ಪತ್ರ ಕೊಡಬೇಕಾದ ದಿನಕ್ಕೆ ಆರೂವರೆ ವಾರ. ನಾಲ್ಕು ಪುಟ. ಒಬ್ಬ ಅರವತ್ತಮೂರು ವರ್ಷದ ಮನುಷ್ಯ. ಆಗುತ್ತದೆ ಎಂದು ಹೇಳಲು ನನ್ನ ಬಳಿ ಯಾವ ಆಧಾರವೂ ಇರಲಿಲ್ಲ. ಆಗುವುದಿಲ್ಲ ಎನ್ನಲೂ ಇರಲಿಲ್ಲ. “ನಾಳೆ ನಿನ್ನ ದೊಡ್ಡ ಕತ್ತರಿ ತಗೊಂಡು ಬಾ,” ಎಂದೆ.

ಕೆಲಸದ ಕ್ರಮ ಹೀಗಿತ್ತು. ಪತ್ರದ ಒಂದು ಉದ್ದ ಪದವನ್ನು ರಟ್ಟಿನ ಪಟ್ಟಿಯ ಮೇಲೆ ದೊಡ್ಡದಾಗಿ ಬರೆದು, ಬಾಯಲ್ಲಿ ಒಂದು ಸಲ ಹೇಳುವುದು ನನ್ನ ಪಾಲು. ಅವನು ಎದೆ ತಟ್ಟಿ ಎಷ್ಟು ಉಸಿರು ಎಂದು ಎಣಿಸುತ್ತಿದ್ದ, ತೂಕ ಎಲ್ಲಿ ಎಂದು ಕಾಲಲ್ಲಿ ಹುಡುಕುತ್ತಿದ್ದ. ಆಮೇಲೆ ಮೊದಲ ಉಸಿರಿಗೆ ಎಷ್ಟು ಅಕ್ಷರ ಬೇಕೆಂದು ನೋಡಿ ರಟ್ಟನ್ನು ಅಲ್ಲಿ ಕತ್ತರಿಸುತ್ತಿದ್ದ, ರೆಕ್ಸಿನ್ ಕತ್ತರಿಸುವ ಆ ಕತ್ತರಿಯಲ್ಲೇ. ಟ್ರಬೆಕ್ಯುಲೆಕ್ಟಮಿ ಮೊದಲ ದಿನವೇ ಆರು ಚೂರಾಗಿ ಮೇಜಿನ ಮೇಲೆ ಬಿತ್ತು. ಚೂರುಗಳನ್ನು ಕಲಸಿದೆ, ಜೋಡಿಸಿದ. ಮತ್ತೆ ಕಲಸಿದೆ, ಮತ್ತೆ ಜೋಡಿಸಿದ. ಎದುರು ಕೂತು ಜೋರಾಗಿ ಓದಿದ. ಅದು ಅವನು ಕಾಗದದ ಮೇಲಿಂದ ಓದಿದ ಮೊದಲ ಇಂಗ್ಲಿಷ್ ಪದ.

“ಇದಕ್ಕೆ ಇನ್ನೊಂದು ಥರದ ಕತ್ತರಿಸೋದಿದೆ,” ಎಂದೆ. “ಉಸಿರು ನೋಡಿ ಅಲ್ಲ, ಅರ್ಥ ನೋಡಿ. ಟ್ರಬೆಕ್ಯುಲ ಅಂದ್ರೆ ಸಣ್ಣ ತೊಲೆ. ಕಣ್ಣಿನ ಮೂಲೇಲಿ ನೀರು ಹೋಗೋ ಕಡೆ ಅಂಥ ತೊಲೆಗಳ ಜಾಲರಿ ಇದೆ. ಎಕ್ಟಮಿ ಅಂದ್ರೆ ಕತ್ತರಿಸಿ ತೆಗೆಯೋದು. ಜಾಲರೀಲಿ ಒಂದು ಚೂರು ತೆಗೆದು ನೀರಿಗೆ ದಾರಿ ಮಾಡ್ತಾರೆ.”

ಅವನು ಆರು ಚೂರುಗಳನ್ನೂ ದಿಟ್ಟಿಸಿದ. ಎರಡು ಅರ್ಥಗಳ ಗಡಿ ಯಾವ ಕತ್ತರಿಗೂ ಸಿಕ್ಕಿರಲಿಲ್ಲ. ಅದು ನಾಲ್ಕನೆಯ ಚೂರಾದ ‘ಲೆಕ್’ನ ಒಳಗಿತ್ತು: ಅದರ ಮೊದಲ ಇಂಗ್ಲಿಷ್ ಅಕ್ಷರ ‘ಎಲ್’ ತೊಲೆಯದು, ಉಳಿದದ್ದು ಕತ್ತರಿಯದು.

“ಕಾಲು ಬಿದ್ದಿದ್ದೂ ಇಲ್ಲೇ,” ಎಂದ. “ಸೀಟಲ್ಲೂ ಹಾಗೇ ಮೇಷ್ಟ್ರೇ. ಎರಡು ಬಟ್ಟೆ ಒಂದರ ಮೇಲೊಂದು ಬರೋ ಕಡೆ ಹೊಲಿಗೆ ಹಾಕೋದು. ಕೂತವನ ಭಾರ ತಡೆಯೋದೂ ಅದೇ ಜಾಗ.”

ಎಲ್ಲ ಪದಗಳಲ್ಲೂ ಹಾಗಿರುವುದಿಲ್ಲ ಎಂದು ಹೇಳಿದೆ. ಇರಲಿ, ಇದರಲ್ಲಿ ಇದೆಯಲ್ಲ ಎಂದ.

ಎರಡನೆಯ ವಾರ ಮುಗಿಯುವುದರೊಳಗೆ ಪತ್ರದ ಉದ್ದ ಪದಗಳೆಲ್ಲ ಅವನ ಕೈಗೆ ಬಂದವು. ಅನಸ್ತೇಷಿಯಾ, ಇನ್ಫೆಕ್ಷನ್, ಕಾಂಪ್ಲಿಕೇಷನ್. ‘ಷನ್’ ಬಾಲ ಇದ್ದರೆ ತೂಕ ಅದರ ಹಿಂದಿನ ಹೆಜ್ಜೆಗೇ ಬೀಳುತ್ತದೆಂದು ಒಂದು ದಿನ ತಾನಾಗಿಯೇ ಹೇಳಿದ. ನಾನು ನಿಘಂಟು ತೆಗೆದು ಅಂಥ ಮೂವತ್ತು ಪದ ಪರೀಕ್ಷಿಸಿದೆ. ಮೂವತ್ತೂ ಅವನ ಮಾತಿನಂತೆಯೇ ಇದ್ದವು.

ಹಾಗಾದರೆ ಇನ್ನೇನು ಮುಗಿಯಿತು ಎಂದುಕೊಂಡು, ಮೂರನೆಯ ವಾರ ಪತ್ರವನ್ನೇ ಅವನ ಮುಂದಿಟ್ಟೆ. ಮೊದಲ ಸಾಲಿನಲ್ಲೇ ನಿಂತ. ಶಸ್ತ್ರಚಿಕಿತ್ಸೆಯ ಆರು ಉಸಿರಿನ ಹೆಸರನ್ನು ನೀರು ಕುಡಿದಂತೆ ಓದಿದವನು, ಅದರ ಪಕ್ಕದಲ್ಲಿದ್ದ ‘ಕಣ್ಣು’ ಎಂಬ ಮೂರಕ್ಷರದ ಇಂಗ್ಲಿಷ್ ಪದವನ್ನು ಓದಲಾರದೆ ಹೋದ. ‘ಯಾರು’, ‘ಒಂದು’, ‘ಆದರೂ’, ‘ಮೂಲಕ’ ಎಂಬ ಅರ್ಥದ ಪುಟಾಣಿ ಪದಗಳೂ ಅಷ್ಟೇ. ಪ್ರತಿಯೊಂದಕ್ಕೂ ಕತ್ತರಿ ಹಿಡಿದು, ಎಲ್ಲಿ ಕತ್ತರಿಸಲಿ ಎಂದು ಹುಡುಕುತ್ತಿದ್ದ. ಕತ್ತರಿಸುವ ಜಾಗವೇ ಅವುಗಳಲ್ಲಿ ಇರಲಿಲ್ಲ.

“ದೊಡ್ಡ ಮನೆಗೆ ಬಾಗಿಲು ಕಿಟಕಿ ಎಲ್ಲ ಇರ್ತವೆ, ಎಲ್ಲಿಂದಾದ್ರೂ ಒಳಗೆ ಹೋಗಬಹುದು,” ಎಂದ. “ಈ ಸಣ್ಣವಕ್ಕೆ ಬಾಗಿಲೇ ಇಲ್ಲ.”

‘ನೋಟ’ ಎಂಬ ಅರ್ಥದ ‘ಸೈಟ್’ಗೆ ಇಂಗ್ಲಿಷಿನಲ್ಲಿ ಐದು ಅಕ್ಷರ. ಅವನು ಬೆರಳಿಟ್ಟು ಎಣಿಸಿದ.

“ಐದು ಜನ ಇದ್ದಾರೆ, ಒಂದೇ ಉಸಿರು. ಮಧ್ಯದ ಇಬ್ಬರು ಏನು ಮಾಡ್ತಿದ್ದಾರೆ?”

“ಏನೂ ಇಲ್ಲ. ಸುಮ್ಮನೆ ನಿಂತಿದ್ದಾರೆ.”

“ಓ. ದುಡ್ಡು ಕೊಟ್ಟು ವೇಷ ಹಾಕ್ಕೊಂಡು, ಮೆರವಣಿಗೇಲಿ ಕುಣೀದೆ ಫೋನ್ ನೋಡ್ತಾ ನಡೆಯೋ ಬ್ಯಾಂಕಿನೋರ ಥರ.”

ನಾನು ಮೊದಲ ಪುಟ ಎಣಿಸಿದೆ. ಇನ್ನೂರ ಹನ್ನೆರಡು ಪದ. ಅದರಲ್ಲಿ ನೂರ ಐವತ್ತೊಂದು ಒಂದೇ ಉಸಿರಿನವು. ನಾನು ಅವನನ್ನು ಕಷ್ಟದ ಕಡೆಯಿಂದ ಶುರು ಮಾಡಿಸಿದ್ದೇನೆ ಎಂದುಕೊಂಡಿದ್ದೆ. ನಿಜಕ್ಕೂ ಅದು ಸುಲಭದ ಕಡೆಯಾಗಿತ್ತು. ಈ ಸಣ್ಣ ಪದಗಳನ್ನು ಒಡೆಯಲು ಬರುವುದಿಲ್ಲ, ನೆರೆಹೊರೆಯವರನ್ನು ಗುರುತಿಸುವಂತೆ ಮುಖ ನೋಡಿಯೇ ಗುರುತಿಸಬೇಕು ಎಂದೆ. ಅವನು ಅವನ್ನೆಲ್ಲ ರಟ್ಟಿನ ಮೇಲೆ ಬರೆಸಿಕೊಂಡು, ಶೆಡ್ಡಿನಲ್ಲಿ ದಾರದ ಉಂಡೆಗಳ ಹಲಗೆಗೆ ಗುಂಡುಪಿನ್ನು ಚುಚ್ಚಿ ನಿಲ್ಲಿಸಿದ. ಕೆಲಸಕ್ಕೆ ಬಂದ ಡ್ರೈವರುಗಳು ಕೇಳಿದರೆ ಈ ಸಲದ ಕಾರ್ನಿವಲ್ಲಿಗೆ ಹೊಸ ವೇಷ ಎನ್ನುತ್ತಿದ್ದ.

ನಾಲ್ಕನೆಯ ವಾರ ಅವನು ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ಬಂದು ಕೂತು, ಒಂದು ಹಳೆಯ ಕಾಗದ ಬಿಚ್ಚಿದ. ಎನಿಡ್‌ಳ ಕಣ್ಣಿನ ಹನಿಯ ಡಬ್ಬಿಯೊಳಗೆ ಬರುವ ಔಷಧಿಯ ಚೀಟಿ ಅದು.

“ಇದನ್ನ ನಾನೇ ಓದಿದೆ, ಯಾರೂ ಹೇಳಿಕೊಡದೆ. ಸರಿಯಾಗಿ ಓದಿದೀನಾ ನೋಡಿ. ‘ಸೀಸೆ ತೆರೆಯುವ ತನಕ ಫ್ರಿಜ್ಜಿನಲ್ಲಿಡಿ.’ ಹಾಗೇನಾ ಇರೋದು?”

ಹಾಗೆಯೇ ಇತ್ತು.

“ಐದೈದು ಸೀಸೆ ಒಟ್ಟಿಗೆ ಕೊಡೋರು. ನಾನು ಶೆಡ್ಡಲ್ಲಿ ಇಡ್ತಿದ್ದೆ. ಅಂಟಿನ ಡಬ್ಬಿ ಪಕ್ಕ, ತಗಡಿನ ಕೆಳಗೆ. ಎರಡು ವರ್ಷ. ಎಡಗಣ್ಣು ಅದಕ್ಕೇ ಹೋಯ್ತಾ ಮೇಷ್ಟ್ರೇ?”

ಆ ತಗಡಿನ ಕೆಳಗೆ ಮಧ್ಯಾಹ್ನ ನಲವತ್ತು ಡಿಗ್ರಿಯ ಹತ್ತಿರ ಇರುತ್ತದೆ. ಅಂಥ ಶಾಖದಲ್ಲಿ ತಿಂಗಳುಗಟ್ಟಲೆ ಇದ್ದರೆ ಆ ಔಷಧಿಯ ಶಕ್ತಿ ಕುಂದುತ್ತದೆ. ಆದರೆ ಎಡಗಣ್ಣು ಹನಿ ಶುರು ಮಾಡುವ ಮೊದಲೇ ಕೆಟ್ಟಿತ್ತು. ಎಷ್ಟು ಅದರಿಂದ, ಎಷ್ಟು ಇದರಿಂದ ಎಂದು ಯಾರೂ ಅಳೆದು ಹೇಳಲಾರರು. ನಾನು ಇಷ್ಟನ್ನು ಹೇಳಿದೆ. ಇಲ್ಲ ಎಂದುಬಿಡಬಹುದಿತ್ತು, ಅದು ಸುಳ್ಳಾಗುತ್ತಿತ್ತು.

“ಎನಿಡ್‌ಗೆ ಹೇಳಿದ್ಯಾ?”

“ಅವತ್ತೇ ಹೇಳಿದೆ. ತೊಗರಿಕಾಯಿ ಸುಲೀತಿದ್ಳು. ಕೈ ನಿಲ್ಲಿಸಿದ್ಳು. ಆಮೇಲೆ ‘ಫ್ರಿಜ್ಜಲ್ಲಿ ಜಾಗ ಇತ್ತು’ ಅಂದ್ಳು. ಅಷ್ಟೇ. ಮತ್ತೆ ಸುಲಿಯೋಕೆ ಶುರು ಮಾಡಿದ್ಳು.”

ಅವತ್ತು ನಾವು ಓದಲಿಲ್ಲ. ಮಾರನೆಯ ದಿನದಿಂದ ಅವನು ಒಂದರ ಬದಲು ಎರಡು ಗಂಟೆ ಕೂರತೊಡಗಿದ.

ಅಷ್ಟರಲ್ಲಿ ಕಾರ್ನಿವಲ್ ಬಂತು. ಈ ವರ್ಷ ಹೋಗುವುದಿಲ್ಲ ಎಂದ. “ಹೋಗು. ಮನೇಲಿ ಕೂತು ನನ್ನ ಕಣ್ಣನ್ನೇ ನೋಡ್ತಿದ್ರೆ ಅದು ವಾಸಿಯಾಗಲ್ಲ,” ಎಂದು ಎನಿಡ್ ಅವನನ್ನು ಹೊರಗೆ ತಳ್ಳಿದಳು. ಸೋಮವಾರ ಚಿಂದಿ ಅಂಗಿ ತೊಟ್ಟು ಬೀದಿಯಲ್ಲಿ ನಿಂತ. ಎರಡು ಪದ ಚೆನ್ನಾಗಿ ಒಡೆದ. ಮೂರನೆಯ ಸಲ ಗುಂಪಿನ ಹಿಂದಿನಿಂದ ಯಾರೋ, ಆಸ್ಪತ್ರೆಯ ಸುದ್ದಿ ಕೇಳಿದ್ದವರೇ ಇರಬೇಕು, ‘ಟ್ರಬೆಕ್ಯುಲೆಕ್ಟಮಿ’ ಎಂದು ಕೂಗಿದರು. ಅವನು ಚಾವಟಿ ಇಳಿಸಿದ.

“ಆ ಪದ ಈ ವರ್ಷ ಬೀದಿಗಿಲ್ಲ,” ಎಂದ.

“ಲೆಜಾಮಾ ಸೋತ, ಟೋಪಿ ತೆಗಿ!” ಎಂದರು ಜನ. ಅವನು ಟೋಪಿ ತೆಗೆದು, ದಾರಿ ಬಿಟ್ಟು, ಚರಂಡಿಯ ಅಂಚಿಗೆ ಸರಿದು ನಿಂತ. ನಲವತ್ತು ವರ್ಷದಲ್ಲಿ ಅದು ಮೊದಲ ಸಲ. ಮುಖವಾಡ ಇದ್ದುದರಿಂದ ಮುಖ ಹೇಗಿತ್ತೋ ತಿಳಿಯಲಿಲ್ಲ. ಮಂಗಳವಾರ ಬೀದಿಗೆ ಹೋಗದೆ ನಮ್ಮ ಅಡುಗೆಮನೆಗೆ ಬಂದು ಪತ್ರದ ಮೂರನೆಯ ಪುಟ ಶುರು ಮಾಡಿದ.

ಅಪಾಯಗಳ ಪಟ್ಟಿ ಇದ್ದದ್ದು ಆ ಪುಟದಲ್ಲಿ. ಸೋಂಕು, ರಕ್ತಸ್ರಾವ, ಒತ್ತಡ ಅತಿಯಾಗಿ ಇಳಿಯುವುದು. ಇವೆಲ್ಲ ಉದ್ದ ಪದಗಳು. ಅವಕ್ಕೆ ಅವನು ಹೆದರಲಿಲ್ಲ. ಅವುಗಳ ಕೆಳಗೆ, ಪ್ರತ್ಯೇಕವಾಗಿ, ಒಂದು ಸಾಲಿತ್ತು: ಈ ಕಣ್ಣಿನ ನೋಟ ಪೂರ್ತಿ ಹೋಗಬಹುದು. ಇಂಗ್ಲಿಷಿನಲ್ಲಿ ಅದು ಎಂಟು ಪದ, ಎಂಟೂ ಒಂದೊಂದು ಉಸಿರಿನವು. ನಮ್ಮ ಮೇಜಿನ ಮೇಲೆ ಅವನು ಮೊದಲ ಸಲ ಅದನ್ನು ಬಿಡಿಬಿಡಿಯಾಗಿ ಓದಿ ಮುಗಿಸಿದಾಗ, ಓದಿದ್ದು ಏನೆಂದು ಅವನಿಗೆ ತಕ್ಷಣ ತಿಳಿಯಲಿಲ್ಲ. ಎರಡನೆಯ ಸಲ ತಿಳಿಯಿತು. ಪತ್ರ ಮಡಿಸಿದ.

ಆಮೇಲೆ ಪ್ರತಿ ದಿನವೂ ಮೊದಲಿನಿಂದ ಶುರು ಮಾಡಿ, ಆ ಸಾಲಿಗೆ ಬಂದು ನಿಲ್ಲಿಸುತ್ತಿದ್ದ. ನಾನೂ ಮುಂದಕ್ಕೆ ಒತ್ತಾಯಿಸಲಿಲ್ಲ. ಅದು ನನ್ನ ತಪ್ಪು. ಕಲಿಸುವವನು ಅಲ್ಲಿ ನಿಲ್ಲಲು ಬಿಡಬಾರದಿತ್ತು. ಒಂದು ಸಂಜೆ ಅವನು ಕೇಳಿದ:

“ಈ ಸಾಲು ಬಿಟ್ಟು ಓದಿದ್ರೆ ಅವಳಿಗೆ ಗೊತ್ತಾಗುತ್ತಾ?”

“ಅವಳಿಗೆ ಪುಟ ಕಾಣಲ್ಲ. ಗೊತ್ತಾಗಲ್ಲ,” ಎಂದೆ.

ಅವನು ಪತ್ರವನ್ನು ಅಂಗಿಯೊಳಗಿಟ್ಟುಕೊಂಡು ಮನೆಗೆ ಹೊರಟ.

ಪತ್ರ ಕೊಡಬೇಕಾದ ದಿನದ ಹಿಂದಿನ ಭಾನುವಾರ, ಚರ್ಚಿನಿಂದ ಬಂದ ಮೇಲೆ, ಎನಿಡ್ ನನಗೆ ಹೇಳಿ ಕಳಿಸಿದಳು. ಜಗಲಿಯಲ್ಲಿ ಮೂರು ಕುರ್ಚಿ ಹಾಕಿತ್ತು. ಅವಳು ಚರ್ಚಿನ ಉಡುಪಿನಲ್ಲೇ ಇದ್ದಳು.

“ಕೂತ್ಕೊಳ್ಳಿ ಮೇಷ್ಟ್ರೇ. ಐದಾರು ವಾರ ಇವನನ್ನ ನನ್ನಿಂದ ಕದ್ದು ಇಟ್ಕೊಂಡಿದ್ರಿ. ಏನು ಮಾಡಿದೀರೋ ನೋಡೋಣ.”

“ಸೀಟು ಹೊಲಿಯೋನಿಗೆ ಪಾಠ ಹೇಳಿದ್ದಾರೆ, ಪಾಪ, ಅವರನ್ನ ಯಾಕೆ ಬೈತೀಯಾ,” ಎಂದ ಲೆಜಾಮಾ.

“ಬೈದಿಲ್ಲ. ಓದು.”

ಅವನು ಓದಿದ. ಕಾಲು ಬಡಿಯಲಿಲ್ಲ, ಆದರೆ ಭಾರದ ಜಾಗ ಬಂದಾಗ ಚಪ್ಪಲಿಯೊಳಗೆ ಹೆಬ್ಬೆರಳು ಅಲುಗುವುದು ಕಾಣುತ್ತಿತ್ತು. ಉದ್ದ ಪದಗಳು ಸಲೀಸಾಗಿ ಹೋದವು. ಸಣ್ಣವುಗಳ ಬಳಿ ತಡವರಿಸುತ್ತಿದ್ದ, ಎನಿಡ್ ಕಾಯುತ್ತಿದ್ದಳು. ಎರಡು ಪುಟ ಮುಗಿಯಲು ಅರ್ಧ ಗಂಟೆ ಆಯಿತು. ಮೂರನೆಯ ಪುಟ ಬಂತು. ಸೋಂಕು, ರಕ್ತಸ್ರಾವ, ಒತ್ತಡ. ನಿಲ್ಲಿಸಿದ.

ನನ್ನ ಕಡೆ ನೋಡಲಿಲ್ಲ. ಅಂಗಳದ ಕಡೆಗೂ ನೋಡಲಿಲ್ಲ. ಪತ್ರದ ಮೇಲೇ ಕಣ್ಣಿಟ್ಟು, ಎಂಟು ಪದವನ್ನೂ ಒಂದೊಂದಾಗಿ ಓದಿದ.

ಎನಿಡ್ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು. “ಇನ್ನೊಂದು ಸಲ,” ಎಂದಳು.

ಓದಿದ.

“ಹೀಗೆ ಒಂದೊಂದೇ ಇಡಬೇಡ. ಮಾತಾಡೋ ಹಾಗೆ ಹೇಳು.”

ಅವನು ಉಸಿರೆಳೆದುಕೊಂಡು, ಹೆಂಡತಿಗೆ ಹೇಳುವಂತೆಯೇ ಹೇಳಿದ. ಎಂಟು ಪದ ಒಂದು ಮಾತಾಯಿತು.

“ಮುಂದೆ?”

“ಮುಂದೆ ನಾನು ಓದಿಲ್ಲ ಎನಿಡ್. ಯಾವತ್ತೂ ಇಲ್ಲಿಗೇ ನಿಲ್ಲಿಸ್ತಿದ್ದೆ.”

“ಹಾಗಾದ್ರೆ ಈಗ ಓದು. ಹೆದರಿಸಿ ಅಲ್ಲೇ ನಿಂತ್ಕೊಂಡ್ರೆ ನಾನು ಏನಂತ ತಿಳ್ಕೊಳ್ಳಲಿ?”

ಅವನು ಓದತೊಡಗಿದ. ಈ ಸಲ ಯಾವ ಸಾಲೂ ಅವನು ಮೊದಲು ಓದಿ ನೋಡಿದ್ದಲ್ಲ. ಒಂದು ಪದಕ್ಕೆ ಎರಡು ಸಲ ಹಿಂದೆ ಹೋದ, ಇನ್ನೊಂದನ್ನು ತಪ್ಪು ಓದಿ ತಾನೇ ತಿದ್ದಿಕೊಂಡ. ನನ್ನ ನಾಲಿಗೆಯ ತುದಿಗೆ ಬಂದ ಪದವನ್ನು ನಾನು ಅಲ್ಲೇ ತಡೆದೆ. ಅಲ್ಲಿ ಬರೆದಿದ್ದದ್ದು ಇದು: ಹಾಗೆ ಆಗುವುದು ಅಪರೂಪ. ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ನೋಟ ತಾನಾಗಿ ಕಡಿಮೆಯಾಗುತ್ತ ಹೋಗುತ್ತದೆ. ಹೋದ ನೋಟವನ್ನು ಯಾರೂ ವಾಪಸು ತರಲಾರರು. ಈ ಚಿಕಿತ್ಸೆ ಇದ್ದದ್ದನ್ನು ಉಳಿಸಲು ಮಾತ್ರ. ನೀವು ಬೇಡ ಎನ್ನಬಹುದು.

ನಾಲ್ಕನೆಯ ಪುಟದ ಕೊನೆಯ ಸಾಲು ಓದಿ ತಲೆಯೆತ್ತಿದ. ಹಣೆ ಬೆವೆತಿತ್ತು.

“ಬೇಡ ಅನ್ನಬಹುದಂತೆ,” ಎಂದಳು ಎನಿಡ್.

“ಹಾಗೇ ಬರೆದಿದೆ.”

“ನಿನಗೇನು ಅನ್ಸುತ್ತೆ? ಈಗ ನಿನಗೂ ಗೊತ್ತಲ್ಲ.”

ಅವನು ಪುಟವನ್ನು ಮತ್ತೊಮ್ಮೆ ನೋಡಿಕೊಂಡ. “ಮಾಡಿಸಿದ್ರೆ ಹೋಗಬಹುದು ಅಂತಿದೆ. ಮಾಡಿಸದಿದ್ರೆ ಹೋಗುತ್ತೆ ಅಂತಿದೆ. ‘ಬಹುದು’ ಒಂದರಲ್ಲೇ ಇರೋದು. ನಾನಾಗಿದ್ರೆ ಮಾಡಿಸ್ತಿದ್ದೆ.”

“ಸರಿಯಾಗಿ ಓದಿದ್ದಾನಾ ಮೇಷ್ಟ್ರೇ?”

“ಎಲ್ಲ ಓದಿದ್ದಾನೆ. ಒಂದು ಸಾಲೂ ಬಿಟ್ಟಿಲ್ಲ,” ಎಂದೆ.

“ಪೆನ್ನು ಕೊಡು. ಗೆರೆ ಎಲ್ಲಿದೆ ತೋರಿಸು.”

ಅವನು ಶೆಡ್ಡಿಗೆ ಹೋಗಿ ಉಕ್ಕಿನ ಅಳತೆಪಟ್ಟಿ ತಂದ. ಪತ್ರವನ್ನು ಅವಳ ತೊಡೆಯ ಮೇಲೆ ಹಲಗೆಯಿಟ್ಟು ಹರಡಿ, ಸಹಿಯ ಗೆರೆಯ ಕೆಳಗೆ ಸರಿಯಾಗಿ ಪಟ್ಟಿಯನ್ನು ಒತ್ತಿ ಹಿಡಿದ. ಅವಳು ಬೆರಳಿನಿಂದ ಅದರ ಅಂಚು ಮುಟ್ಟಿ ನೋಡಿ, ಪೆನ್ನನ್ನು ಅದಕ್ಕೆ ಒರಗಿಸಿ, ಅಂಚೆ ಕಚೇರಿಯವರ ದುಂಡನೆಯ ಬರಹದಲ್ಲಿ ತನ್ನ ಪೂರ್ತಿ ಹೆಸರು ಬರೆದಳು.

ಶಸ್ತ್ರಚಿಕಿತ್ಸೆ ಕೊಟ್ಟ ದಿನವೇ ನಡೆಯಿತು. ಈಗ ನಾಲ್ಕು ತಿಂಗಳಾಗಿದೆ. ಬಲಗಣ್ಣಿನ ಒತ್ತಡ ಇಳಿದಿದೆ, ನೋಟ ಮೊದಲಿದ್ದಷ್ಟೇ ಇದೆ. ಮುಖಗಳು ಕಾಣುತ್ತವೆ, ಅಕ್ಷರ ಕಾಣುವುದಿಲ್ಲ. ಪತ್ರದಲ್ಲಿ ಭರವಸೆ ಕೊಟ್ಟಿದ್ದೂ ಅಷ್ಟನ್ನೇ.

ನಿನ್ನೆ ಸಂಜೆ ಅವರ ಗೇಟು ದಾಟುವಾಗ ಇಬ್ಬರೂ ಜಗಲಿಯಲ್ಲಿದ್ದರು. ಲೆಜಾಮಾ ಪೇಪರು ಹಿಡಿದು, ನೀರಿನ ಇಲಾಖೆಯ ಯಾವುದೋ ಸುದ್ದಿಯನ್ನು ಜೋರಾಗಿ ಓದುತ್ತಿದ್ದ. ಇಲಾಖೆಯ ಉದ್ದದ ಹೆಸರು ಸರಾಗವಾಗಿ ದಾಟಿತು, ಅಧಿಕಾರಿಯ ಹುದ್ದೆಯೂ ದಾಟಿತು. ಆಮೇಲೆ ಸದ್ದಿಲ್ಲ.

“ಯಾಕೆ ನಿಲ್ಲಿಸಿದೆ?”

“ನಿಲ್ಲಿಸಿಲ್ಲ. ಇಲ್ಲೊಂದು ಸಣ್ಣದು ಕೂತಿದೆ.”

“ಎಷ್ಟು ಅಕ್ಷರ?”

“ನಾಲ್ಕು.”

“ನಿಧಾನವಾಗಿ ನೋಡು. ನನಗೇನು ಅವಸರ ಇಲ್ಲ,” ಎಂದಳು ಎನಿಡ್.